ಕಳೆ ಯಂತ್ರ ಹೊತ್ತು ಸಿರುಗುಪ್ಪಕ್ಕೆ

ಭಾನುವಾರ ಬೆಳಿಗ್ಗೆ ಬಳ್ಳಾರಿಯಲ್ಲಿ ಕುರುಗೋಡಿನ ಬಸ್ಸು ಹತ್ತುವ ಮೊದಲೇ ನನಗೆ ಸಾಕಾಗಿತ್ತು. ವಾರವೆಲ್ಲ ಜೀನ್ಸ್ ಹೊಲಿಯುವವಳಿಗೆ ಇರುವುದು ಅದೊಂದೇ ರಜೆ. ಬಟ್ಟೆ ಒಗೆಯುವುದಿತ್ತು, ಬ್ರೂಸ್‌ಪೇಟೆಯಲ್ಲಿ ಸಾಮಾನು ತರುವುದಿತ್ತು. ಅದನ್ನೆಲ್ಲ ಬಿಟ್ಟು ನಾನು ಹೊರಟಿದ್ದು ಬೇರೆಯವರ ಮನೆಯಿಂದ ಒಂದು ಕಬ್ಬಿಣದ ಯಂತ್ರ ಇಸಿದುಕೊಂಡು ಇನ್ನೊಬ್ಬರ ಗದ್ದೆಗೆ ಮುಟ್ಟಿಸಲು.

ಗದ್ದೆ ನನ್ನಕ್ಕ ಹುಸೇನಬಿಯದು, ಸಿರುಗುಪ್ಪದ ಹತ್ತಿರ, ಕಾಲುವೆ ನೀರಿನದು. ಮಗಳ ಬಾಣಂತನಕ್ಕೆಂದು ಅಕ್ಕ ನಾಟಿಗೆ ಮೊದಲೇ ಆದೋನಿಗೆ ಹೋಗಿದ್ದಳು. ಅಲ್ಲಿಂದಲೇ ಫೋನು ಮಾಡಿ, ಈ ಹೊತ್ತಿಗೆ ಸಾಲುಗಳ ನಡುವೆ ಕಸ ಎದ್ದಿರುತ್ತದೆ, ಕಳೆ ಯಂತ್ರ ತಳ್ಳದಿದ್ದರೆ ಪೈರು ಮೇಲೇಳುವುದಿಲ್ಲ, ಭಾನುವಾರ ಸಂಜೆ ತಾನೂ ಊರಿಗೆ ಬರುತ್ತೇನೆ, ನೀನು ಯಂತ್ರ ತಂದಿಡು ಎಂದಿದ್ದಳು. ಅಕ್ಕನ ಯಂತ್ರ ಕುರುಗೋಡಿನಲ್ಲಿ ಅವಳ ಗಂಡ ಖಾಸಿಂ ಭಾವನ ತಮ್ಮ ರಾಜಾಸಾಬನ ಮನೆಯಲ್ಲಿತ್ತು. ಹೋದ ವರ್ಷ ಒಯ್ದವನು ಹೊತ್ತಿಗೆ ಸರಿಯಾಗಿ ವಾಪಸು ಕೊಡಲಿಲ್ಲ. ಅಕ್ಕನ ಗದ್ದೆಯನ್ನು ಜೇಕಿನ ಕಳೆ ನುಂಗಿತು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಅವರಿಗೆ ಮಾತಿಲ್ಲದ್ದಕ್ಕೆ ನನಗೆ ರಜೆ ಇಲ್ಲ.

ಕುರುಗೋಡಿನಲ್ಲಿ ಇಳಿದಾಗ ಊರ ಮಗ್ಗುಲಿನ ಕಲ್ಲುಗುಡ್ಡ ಆಗಲೇ ಕಾದು ಝಳ ಬಿಡುತ್ತಿತ್ತು. ರಾಜಾಸಾಬನ ಹೆಂಡತಿ ಶಾಹೀನ್ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಟ್ಟಳು, ಚಹಾ ಕೊಟ್ಟಳು, ಯಂತ್ರದ ಮಾತು ಮಾತ್ರ ಎತ್ತಲಿಲ್ಲ. ನಾನೇ ಕೇಳಿದ ಮೇಲೆ ಹಿತ್ತಲಿಗೆ ಕರೆದುಕೊಂಡು ಹೋದಳು. ಉದ್ದನೆಯ ಹಿಡಿಕೆ, ತುದಿಗೆ ಎರಡು ಹಲ್ಲುಗಾಲಿ. ಆ ಹಿಡಿಕೆಯ ಮೇಲೆ ಹೀರೇಬಳ್ಳಿ ಹಬ್ಬಿಸಿದ್ದರು. ಒಂದು ಗಾಲಿ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ.

ರಾಜಾಸಾಬ ಬಂದು ಬಳ್ಳಿ ಬಿಡಿಸಿದ, ಸುತ್ತಿಗೆಯಿಂದ ಬಡಿದು, ಎಣ್ಣೆ ಬಿಟ್ಟು, ಗಾಲಿ ತಿರುಗುವಂತೆ ಮಾಡಿದ. ಮುಖ ಎತ್ತದೆಯೇ ಹೇಳಿದ: "ಅಣ್ಣ ಒಂದ್ ಮಾತು ಕೇಳಿದ್ರ ಅವತ್ತೇ ಒಯ್ದು ಕೊಡ್ತಿದ್ದೆ ಅಕ್ಕಾರೆ. ಕೇಳಲಿಲ್ಲ, ಬೈದ."

ಕೇಳದೆಯೇ ಕೊಡಬಹುದಿತ್ತಲ್ಲ ಎಂದೆ. ಅವನು ಗಾಲಿಗೆ ಇನ್ನಷ್ಟು ಎಣ್ಣೆ ಬಿಟ್ಟ. ನಾನು ಭಾವನಿಗೆ ಫೋನು ಮಾಡಿ ಯಂತ್ರ ಸಿಕ್ಕಿತು, ತರುತ್ತಿದ್ದೇನೆ ಎಂದೆ. ತಮ್ಮನೇ ಕೊಟ್ಟನೇ ಎಂದು ಅವರು ಎರಡು ಸಲ ಕೇಳಿದರು. ಆಮೇಲೆ, "ಹಾಂ, ತರ್ರಿ" ಎಂದರು.

ಸಿರುಗುಪ್ಪದ ಬಸ್ಸಿಗಾಗಿ ದೊಡ್ಡ ರಸ್ತೆಯಲ್ಲಿ ಬಿಸಿಲಿಗೆ ನಿಂತು ನಿಂತು ತಲೆ ಸುತ್ತಿತು. ಬಂದ ಬಸ್ಸಿನ ಕಂಡಕ್ಟರ್ ನನ್ನನ್ನು ನೋಡಿದ, ಯಂತ್ರವನ್ನು ನೋಡಿದ. ಹೆಂಗಸರಿಗೆ ಟಿಕೆಟ್ ಇಲ್ಲ, ಕಬ್ಬಿಣಕ್ಕೆ ಉಂಟು ಎಂದು ಲಗೇಜಿನ ಚೀಟಿ ಹರಿದು ಕೊಟ್ಟ. ಹಿಡಿಕೆ ಒಬ್ಬರ ಮೊಣಕಾಲಿಗೆ ತಾಗಿತು, ಹಲ್ಲು ಇನ್ನೊಬ್ಬರ ಸೀರೆಗೆ ಸಿಕ್ಕಿತು. ತೆಕ್ಕಲಕೋಟೆ ದಾಟುವ ತನಕ ಕನ್ನಡದಲ್ಲೂ ತೆಲುಗಿನಲ್ಲೂ ಬೈಸಿಕೊಂಡೆ. ಕಿಟಕಿಯ ಹೊರಗೆ ಎರಡೂ ಕಡೆ ಗದ್ದೆ. ದೂರದಿಂದ ಎಲ್ಲವೂ ಒಂದೇ ಹಸಿರು.

ಸಿರುಗುಪ್ಪದಲ್ಲಿ ಭಾವ ಮೋಟಾರ್ ಸೈಕಲ್ ತಂದಿದ್ದರು. ಯಂತ್ರವನ್ನು ಅಡ್ಡ ಹಿಡಿದು ನಾನು ಹಿಂದೆ ಕೂತೆ. ರೈಸ್ ಮಿಲ್ಲುಗಳನ್ನು ದಾಟಿ ಕಾಲುವೆಯ ಏರಿಯ ಮೇಲೆ ಹೋದೆವು. ಗದ್ದೆ ಮುಟ್ಟಿ ಇಳಿದು ನೋಡಿದೆ. ಅಲ್ಲಿ ಸಾಲುಗಳೇ ಇರಲಿಲ್ಲ. ನಾಟಿ ಹಚ್ಚಿರಲಿಲ್ಲ, ಬೀಜವನ್ನು ಕೈಯಿಂದ ಚೆಲ್ಲಿದ್ದರು. ಪೈರು ಎಲ್ಲೆಂದರಲ್ಲಿ ಎದ್ದಿತ್ತು, ಅದರ ಸಂದಿಗೊಂದಿಯಲ್ಲೆಲ್ಲ ಕಸ. ಈ ಯಂತ್ರಕ್ಕೆ ಸಾಲು ಬೇಕು. ಇಲ್ಲಿ ತಳ್ಳಿದರೆ ಕಸದ ಜೊತೆಗೆ ಭತ್ತವೂ ನೆಲಕ್ಕೆ ಹೋಗುತ್ತದೆ.

"ನಾಟಿಗೆ ಆಳು ಸಿಗಲಿಲ್ಲವ್ವ," ಎಂದರು ಭಾವ. "ಚೆಲ್ಲಿಬಿಟ್ಟೆ. ಕಸದ ಔಷಧಿ ಹೊಡದೆ, ಕಾಲುವಿ ನೀರು ತಡ ಆತು, ನೆಲ ಒಣಗಿ ಔಷಧಿ ಹತ್ತಲಿಲ್ಲ. ನಿಮ್ಮಕ್ಕನಿಗೆ ಹೇಳಾಕ ಬಾಯಿ ಬರಲಿಲ್ಲ."

ಬೆಳಿಗ್ಗೆ ನನಗಾದರೂ ಹೇಳಬಹುದಿತ್ತಲ್ಲ ಎಂದು ಕೇಳಿದೆ. ತಮ್ಮ ಕೊಡುತ್ತಾನೆ ಅಂದಾಗ ಬೇಡ ಅನ್ನಲು ಮನಸ್ಸಾಗಲಿಲ್ಲ ಎಂದರು. ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಅಲ್ಲಿಂದಲೇ ಶಾಹೀನ್‌ಗೆ ಫೋನು ಮಾಡಿ ಅಲ್ಲಿಯ ತನಕ ನುಂಗಿಕೊಂಡಿದ್ದನ್ನೆಲ್ಲ ಕಾರಿದೆ. ಒಬ್ಬ ಬೇಕಾದಾಗ ಕೊಡುವುದಿಲ್ಲ, ಇನ್ನೊಬ್ಬ ಬೇಡವಾದಾಗ ಬೇಡ ಅನ್ನುವುದಿಲ್ಲ, ಈ ಇಬ್ಬರ ನಡುವೆ ಗದ್ದೆ ಕಸದ ಪಾಲಾಯಿತು ಎಂದೆ. ಅವಳು ಎಲ್ಲ ಕೇಳಿ, ಇವರಿಗೆ ಹೇಳ್ತೀನಿ ಎಂದು ಇಟ್ಟಳು.

ಸಂಜೆ ಅಕ್ಕ ಬಂದಳು. ಬ್ಯಾಗನ್ನು ಏರಿಯ ಮೇಲಿಟ್ಟು ಗದ್ದೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಭಾವ ತಲೆ ತಗ್ಗಿಸಿ ನಿಂತಿದ್ದರು. ಬೈಗುಳಕ್ಕೆ ಕಾಯುತ್ತಿದ್ದ ನಮಗೆ ಕೇಳಿಸಿದ್ದು ಇಷ್ಟೇ: "ಫೋನಿನಾಗ ದಿನಾ ಚಲೋ ಐತಿ, ಚಲೋ ಐತಿ ಅಂತಿದ್ರಿ." ಮನೆಗೆ ಹೋದವಳು ಬ್ಯಾಗನ್ನೂ ಬಿಚ್ಚದೆ, ಊಟವನ್ನೂ ಮಾಡದೆ ಮಲಗಿದಳು. ಅವಳನ್ನು ಹಾಗೇ ಬಿಟ್ಟು ಬಳ್ಳಾರಿಗೆ ಹೊರಡಲು ನನ್ನಿಂದಾಗಲಿಲ್ಲ. ಸೂಪರ್‌ವೈಸರ್‌ಗೆ ಫೋನು ಮಾಡಿ ಸೋಮವಾರದ ಕೆಲಸ ತಪ್ಪಿಸಿದ್ದಕ್ಕೂ ಬೈಸಿಕೊಂಡೆ.

ಬೆಳಿಗ್ಗೆ ಮೂವರೂ ಗದ್ದೆಗಿಳಿದೆವು. ಕಳೆ ತೆಗೆಯುವ ಹೆಂಗಸರೆಲ್ಲ ಬೇರೆ ಗದ್ದೆಗಳಿಗೆ ಮಾತು ಕೊಟ್ಟಾಗಿತ್ತು. ಜೇಕು ನನಗೆ ಗೊತ್ತಿತ್ತು, ಕಿತ್ತೆ. ಊದಲು ಹುಲ್ಲು ಥೇಟ್ ಭತ್ತದ ಹಾಗೇ. ಎಲೆ ಕಾಂಡಕ್ಕೆ ಕೂಡುವ ಕಡೆ ಸಣ್ಣ ಬಿಳಿ ನಾಲಿಗೆ ಇದ್ದರೆ ಭತ್ತ, ಇಲ್ಲದಿದ್ದರೆ ಊದಲು ಎಂದು ಅಕ್ಕ ಬಿಡಿಸಿ ತೋರಿಸಿದಳು. ಪ್ರತಿ ಬುಡಕ್ಕೂ ಬಗ್ಗಿ ನಾಲಿಗೆ ಹುಡುಕುತ್ತ ನನ್ನ ಸೊಂಟ ಬಿದ್ದುಹೋಯಿತು. ಭಾವನಿಗೆ ಕಣ್ಣು ಮಂಜು. ಅವರು ಹುಡುಕುತ್ತಲೂ ಇರಲಿಲ್ಲ, ಸುಮ್ಮನೆ ಕೀಳುತ್ತಿದ್ದರು.

ಬಿಸಿಲೇರುವ ಹೊತ್ತಿಗೆ ಏರಿಯ ಮೇಲೆ ಬೈಕು ನಿಂತಿತು. ರಾಜಾಸಾಬ, ಹಿಂದೆ ಬುತ್ತಿ ಹಿಡಿದ ಶಾಹೀನ್. ಯಾರೂ ಬರ್ರಿ ಅನ್ನಲಿಲ್ಲ, ಅವನೂ ಕಾಯಲಿಲ್ಲ. ಪ್ಯಾಂಟು ಮಡಚಿ ಆ ತುದಿಯಿಂದ ಇಳಿದ. ಅಣ್ಣ ಈ ತುದಿ, ತಮ್ಮ ಆ ತುದಿ. ನಾವು ಮೂವರು ಹೆಂಗಸರು ನಡುವೆ.

ರೊಟ್ಟಿ ತಿಂದು, ಕಾಲು ತೊಳೆದುಕೊಂಡು ನಾನು ಹೊರಟೆ. ಏರಿಯ ಮೇಲೆ ನಿಂತು ತಿರುಗಿ ನೋಡಿದಾಗ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಹತ್ತಿರ ಬಂದಿದ್ದರು. ಭಾವ ಒಂದು ಬುಡ ಕಿತ್ತು ಪಕ್ಕಕ್ಕೆ ಎಸೆದರು. ರಾಜಾಸಾಬ ಅದನ್ನು ಎತ್ತಿ, ಎಲೆ ಬಿಡಿಸಿ, ಹತ್ತಿರ ಹಿಡಿದು ನೋಡಿದ.

"ಅಣ್ಣ, ಇದು ಭತ್ತ."

ಭಾವ ಕೈ ಚಾಚಿ ಇಸಿದುಕೊಂಡರು, ಕೆಸರಿನಲ್ಲಿ ಒಂದು ಖಾಲಿ ಜಾಗ ನೋಡಿ ಹೆಬ್ಬೆರಳಿನಿಂದ ಊರಿದರು.