ಮೊದಲ ಸಾಲಿನ ಪಾಸು

ಆ ಕಟ್ಟಡ ಮೊದಲು ಸಿನಿಮಾ ಟಾಕೀಸಾಗಿತ್ತು. ಬಹಳ ಕಾಲ ಬಾಗಿಲು ಮುಚ್ಚಿದ್ದುದನ್ನು ದುರಸ್ತಿ ಮಾಡಿ ಈಗ ನಾಟಕ, ಸಂಗೀತಕ್ಕೆ ಕೊಡುತ್ತಾರೆ. ಬೂಸ್ಟು ಹಿಡಿದಿದ್ದ ಚಾವಣಿಯ ಗಾರೆ ಹೂಗಳಿಗೆ ಮತ್ತೆ ಬಣ್ಣ ಬಂದಿದೆ. ದಿಲ್ಲಿಯಲ್ಲಿ ಓದುತ್ತಿದ್ದ ನಾವು ಕೆಲವು ಕನ್ನಡದವರು ಸೇರಿ ಅಲ್ಲೊಂದು ಕನ್ನಡ ನಾಟಕ ಆಡಿದೆವು. ನಿರ್ದೇಶನ ನಮ್ಮ ಮೇಷ್ಟ್ರದು. ನನ್ನದು ತಾಯಿಯ ಪಾತ್ರ.

ಅದನ್ನು ನೋಡಲೆಂದೇ ಅವ್ವ ಎರಡು ದಿನ ರೈಲಿನಲ್ಲಿ ಕೂತು ಮುನಿರ್ಕಾದ ನನ್ನ ಕೋಣೆಗೆ ಬಂದಿದ್ದಳು. ಬೀಡಿ ಕಟ್ಟಿ ನನ್ನನ್ನು ಓದಿಸಿದವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆವತ್ತು ಅವ್ವ ಎಲ್ಲರಿಗಿಂತ ಮುಂದೆ, ಗೌರವವಾಗಿ ಕೂರಬೇಕು ಅಂತ ನನ್ನ ಹಟ. ಮೇಷ್ಟ್ರನ್ನು ಕಾಡಿ ಬೇಡಿ, ಅತಿಥಿಗಳು ಕೂರುವ ಮೊದಲ ಸಾಲಿನ ಪಾಸು ಗಿಟ್ಟಿಸಿದ್ದೆ.

ಒಳಗೆ ಕರೆದುಕೊಂಡು ಹೋಗಿ ಸೀಟು ತೋರಿಸಿದೆ. ಅವ್ವ ಕೂರಲಿಲ್ಲ.

"ಇದು ಗಾಂಧಿ ಕ್ಲಾಸು ಅಲ್ವೇನೆ?"

ನಮ್ಮೂರ ಟಾಕೀಸಿನಲ್ಲಿ ಪರದೆಗೆ ಅಂಟಿಕೊಂಡಂತಿದ್ದ ಬೆಂಚುಗಳಿಗೆ ಆ ಹೆಸರು. ಎಲ್ಲಕ್ಕಿಂತ ಅಗ್ಗದ ಜಾಗ. ಅವ್ವ ಸಿನಿಮಾ ನೋಡಿದ್ದೆಲ್ಲ ಅಲ್ಲೇ, ಕತ್ತು ಎತ್ತಿಕೊಂಡು.

"ಅವ್ವಾ, ನಾಟಕಕ್ಕೆ ಮುಂದಿನದೇ ದೊಡ್ಡ ಸೀಟು."

"ಯಾರಿಗೆ ಹೇಳ್ತೀಯ? ಇಷ್ಟೆಲ್ಲಾ ಓದಿ, ದಿಲ್ಲಿಗೆ ಕರೆಸ್ಕೊಂಡು, ಇಲ್ಲೂ ಇದೇನಾ? ಬಾಲ್ಕನಿ ಇಲ್ವಾ?"

"ಇದೆ. ಅಲ್ಲಿಂದ ನನ್ನ ಮುಖ ಸರಿಯಾಗಿ ಕಾಣಲ್ಲ."

"ನಿನ್ನ ಮುಖ ಹುಟ್ಟಿದಾಗಿಂದ ನೋಡಿದೀನಿ. ಬಾಲ್ಕನಿ ನೋಡಿಲ್ಲ."

ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿಯೇ ಬಿಟ್ಟಳು. "ಚಲೋ ಚಲೋ, ಮೇಕಪ್ಪಿಗೆ ಬಾರಮ್ಮ," ಎಂದು ಮೇಷ್ಟ್ರು ಕೂಗಿದರು. ಮುಖ ಊದಿಸಿಕೊಂಡು ಹೋದೆ.

ಪರದೆ ಸರಿದಾಗ ನೋಡುತ್ತೇನೆ, ನಾನು ಗಿಟ್ಟಿಸಿದ ಸೀಟಿನಲ್ಲಿ ಯಾರದೋ ಬ್ಯಾಗು ಕೂತಿದೆ. ಬಾಲ್ಕನಿ ಪೂರ್ತಿ ಕತ್ತಲು. ಅವ್ವ ಎಲ್ಲಿದ್ದಾಳೋ ಗೊತ್ತಾಗಲಿಲ್ಲ. ಕೋಪವೆಲ್ಲ ಇಳಿದು, ಅವಳಿಗೆ ಮಾತಾದರೂ ಮುಟ್ಟಲಿ ಎನ್ನಿಸಿತು. ತಾಲೀಮಿನಲ್ಲಿ ಕಲಿತಿದ್ದನ್ನು ಬದಿಗಿಟ್ಟು, ಮುಖ ಮೇಲೆತ್ತಿ, ಹೊಟ್ಟೆಯಿಂದ ದನಿ ತೆಗೆದು ಮಾತಾಡಿದೆ.

ಮುಗಿದ ಮೇಲೆ ಮೇಷ್ಟ್ರು ತಡೆದರು. "ಏನಮ್ಮಾ, ನಿನ್ನ ಮಗ ಪಕ್ಕದಲ್ಲೇ ನಿಂತಿದ್ದ. ನೀನು ಚಾವಣಿಗೆ ಬುದ್ಧಿ ಹೇಳ್ತಿದ್ದೆ!"

ಉತ್ತರ ಕೊಡುವಷ್ಟರಲ್ಲಿ ಅವ್ವ ಇಳಿದು ಬಂದಳು.

"ಕೇಳಿಸ್ತಾ ಅವ್ವಾ?"

"ಒಂದು ಮಾತೂ ಬಿಟ್ಟಿಲ್ಲ. ನನ್ನ ಮಗಳು ಅಂತ ಪಕ್ಕದವರಿಗೆಲ್ಲ ಹೇಳ್ದೆ. ಒಬ್ಬರು ಎದ್ದು ಕೈ ಮುಗಿದ್ರು."

"ಅವರೆಲ್ಲ ದಿಲ್ಲಿಯವರು, ಹಿಂದಿ ಯಾವಾಗ ಕಲಿತೆ?"

"ಬೆರಳು ತೋರ್ಸೋಕೆ ಹಿಂದಿ ಯಾಕೆ ಬೇಕು?"