ಬಷೀರಣ್ಣನಿಗೆ ಬೇಕಾಗಿದ್ದ ಆ್ಯಪ್

ನನ್ನದು ಸಿರಸಿಯಲ್ಲಿ ಒಂದು ಸಣ್ಣ ಮೊಬೈಲ್ ಅಂಗಡಿ. ರಿಪೇರಿ, ರೀಚಾರ್ಜು, ಕವರು, ಗ್ಲಾಸು ಅಂತ ಬೋರ್ಡು ಹಾಕಿದ್ದೇನೆ. ಆದರೆ ಬೋರ್ಡು ಓದುವ ಅಭ್ಯಾಸ ಈ ಊರಿನಲ್ಲಿ ಯಾರಿಗಿದೆ? ಪ್ರತಿಭಕ್ಕ, ಇದರಲ್ಲಿ ಮಗಳ ಜಾತಕ ಬರುತ್ತದಾ? ಪ್ರತಿಭಕ್ಕ, ಈ ಫೋಟೊದಿಂದ ನಮ್ಮ ಭಾವನನ್ನು ತೆಗೆದುಹಾಕಲಿಕ್ಕೆ ಬರುತ್ತದಾ? ನನಗೆ ಮೊದಲೇ ತಾಳ್ಮೆ ಕಡಿಮೆ. ಬೈಯುತ್ತಲೇ ಮಾಡಿಕೊಡುತ್ತೇನೆ, ಅವರೂ ನಗುತ್ತಲೇ ಬೈಸಿಕೊಳ್ಳುತ್ತಾರೆ.

ಬಷೀರಣ್ಣನಿಗೆ ಮಾತ್ರ ನಾನು ದನಿ ಏರಿಸಿದವಳಲ್ಲ. ನಮ್ಮ ಮಾವ ತೀರಿಕೊಂಡ ದಿನ ಮನೆ ತುಂಬ ಜನ, ಬಾವಿಯ ಪಂಪು ಕೈಕೊಟ್ಟಿತ್ತು. ಬಷೀರಣ್ಣ ತಮ್ಮ ಮಗಳು ಫಿರ್ದೌಸಳ ನಿಶ್ಚಿತಾರ್ಥದ ಊಟದ ನಡುವೆ ಎದ್ದು, ಇಸ್ತ್ರಿ ಮಾಡಿದ ಅಂಗಿಯಲ್ಲೇ ಬಂದು ನೀರು ಬರಿಸಿ ಹೋಗಿದ್ದರು. ಪಂಪ್ ಫಿಟ್ಟರ್ ಅಂದರೆ ಈ ಸುತ್ತಮುತ್ತ ಅವರೇ. ಪಂಪು ಶುರುವಾದ ಮೇಲೆ ಪೈಪಿನಿಂದ ಬಂದ ನೀರನ್ನು ಬೊಗಸೆಯಲ್ಲಿ ಹಿಡಿದು ಒಂದು ಗುಟುಕು ಕುಡಿಯದೆ ಅವರು ಯಾರ ಮನೆಯಿಂದಲೂ ಹೊರಟವರಲ್ಲ. ಹೋಗುವುದು ಬರುವುದು ಬೈಕಿನಲ್ಲಿ, ಒಬ್ಬರೇ. ಸಹಾಯಕ್ಕೆ ಒಬ್ಬನನ್ನು ಇಟ್ಟುಕೊಳ್ಳಿ ಎಂದರೆ, ಕರೆಂಟಿನ ಕೆಲಸದಲ್ಲಿ ಇನ್ನೊಬ್ಬನ ಜೀವದ ಜವಾಬ್ದಾರಿ ನನಗೆ ಬೇಡ ಎನ್ನುತ್ತಿದ್ದರು.

ಹೋದ ಚಳಿಗಾಲದ ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಗಿರಾಕಿ ಖಾಲಿಯಾಗುವವರೆಗೆ ಕಾದು, ಫೋನನ್ನು ಗಾಜಿನ ಮೇಲಿಟ್ಟರು.

"ಅಕ್ಕಾ, ಒಬ್ನೇ ಕೆಲಸ ಮಾಡೋನಿಗೆ ಯಾವ ಆ್ಯಪ್ ಚಲೋ? ಇವತ್ತು ಎಲ್ಲಿ, ನಾಳೆ ಎಲ್ಲಿ, ಒಂದಾದ ಮೇಲೆ ಇನ್ನೊಂದು ಏನು ಮಾಡ್ಬೇಕು, ಎಲ್ಲಾ ಅದೇ ಹೇಳ್ಬೇಕು."

ನನಗೆ ಖುಷಿಯಾಯಿತು. ಕೆಲಸ ಹೆಚ್ಚಾಗಿರಬೇಕು, ಒಳ್ಳೆಯದೇ ಆಯಿತು ಎಂದುಕೊಂಡೆ. ಇಬ್ಬರೂ ಕೂತು ಒಂದೊಂದೇ ಹಾಕಿ ನೋಡಿದೆವು. ಮೊದಲನೆಯದು ತೆರೆಯುವ ಮುಂಚೆಯೇ ನಿಮ್ಮ ತಂಡದಲ್ಲಿ ಎಷ್ಟು ಜನ, ಮ್ಯಾನೇಜರ್ ಯಾರು ಎಂದು ವಿಚಾರಣೆ ಶುರುಮಾಡಿತು. ಒಬ್ಬನೇ ಎಂದು ಒತ್ತಿದರೂ ಬಿಡದೆ, ಗೆಳೆಯರನ್ನು ಕರೆಯಿರಿ ಎಂದು ಪೀಡಿಸಿತು. ಅದರಲ್ಲಿ ಕೆಲಸಗಳೆಲ್ಲ ಸಣ್ಣ ಚೀಟಿಗಳು. ಮುಗಿದದ್ದನ್ನು ಬೆರಳಲ್ಲಿ ಎಳೆದು ಪಕ್ಕದ ಸಾಲಿಗೆ ಹಾಕಬೇಕು. ಮೋಟಾರಿನ ವೈಂಡಿಂಗ್ ತಂತಿ ಎಳೆದೆಳೆದು ದಪ್ಪಗಾದ ಬಷೀರಣ್ಣನ ಬೆರಳಿಗೆ ಆ ಚೀಟಿಗಳು ಎಲ್ಲೆಲ್ಲೋ ಹಾರಿಹೋಗುತ್ತಿದ್ದವು. ಇದು ಆಫೀಸಿನವರ ಆಟಿಕೆ ಎಂದು ನಾನೇ ತೆಗೆದು ಒಗೆದೆ.

ಎರಡನೆಯದು ನೋಡಲಿಕ್ಕೆ ಚೆಂದ. ತಾರೀಖಿನ ಉದ್ದಕ್ಕೂ ಬಣ್ಣದ ಪಟ್ಟಿಗಳು, ಒಂದು ಕೆಲಸಕ್ಕೆ ಇನ್ನೊಂದು ಗಂಟುಹಾಕಿಕೊಂಡಿರುತ್ತದೆ. ಒಂದನ್ನು ಮುಂದೂಡಿದರೆ ಅದರ ನಂತರದವೆಲ್ಲ ತಾವಾಗಿ ಸರಿಯುತ್ತವೆ. ಬಷೀರಣ್ಣ ಅದನ್ನು ಬಹಳ ಹೊತ್ತು ನೋಡಿದರು. ಒಂದು ಜಾರಿದರೆ ಎಲ್ಲವೂ ಜಾರಿಬಿಡುತ್ತವಲ್ಲ ಎಂದು ಬೇಡ ಅಂದರು. ಸ್ವಲ್ಪ ದಿನದ ಮೇಲೆ ಡಾಲರಿನಲ್ಲಿ ದುಡ್ಡು ಕೇಳುವ ಗಿರಾಕಿ ಅದು, ನನಗೂ ಬೇಡವಾಗಿತ್ತು.

ಮೂರನೆಯದು ಸಾದಾ. ಕೆಲಸ ಬರೆದಿಟ್ಟರೆ ಹೊತ್ತಿಗೆ ಸರಿಯಾಗಿ ಕೂಗುತ್ತದೆ, ಕನ್ನಡದಲ್ಲೇ ಓದಿ ಹೇಳುತ್ತದೆ. ಒಬ್ಬರಿಗೆ ಪುಕ್ಕಟೆ. ನನಗೆ ಸಾಕೆನಿಸಿತು. ಬಷೀರಣ್ಣನಿಗೆ ಸಾಕಾಗಲಿಲ್ಲ. ಒಂದು ಮೆಟ್ಟಿಲು ಮುಗಿದಿದೆ ಎಂದು ಒತ್ತದ ಹೊರತು ಮುಂದಿನ ಮೆಟ್ಟಿಲು ತೋರಿಸಲೇಬಾರದು, ಹಾಗೆ ಮಾಡಲಿಕ್ಕೆ ಬರುತ್ತದಾ ಎಂದು ಕೇಳಿದರು. ಪಂಪು ಬಿಚ್ಚುವುದು ನಿಮಗೆ ನಿದ್ದೆಯಲ್ಲೂ ಬರುತ್ತದೆ, ಮೆಟ್ಟಿಲು ಯಾಕೆ ಬೇಕು ಎಂದು ನಾನು ರೇಗಿಸಿದೆ. ಅವರು ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳತೊಡಗಿದರು.

ಅವರ ಕೆಲಸದ ಒಂದು ಕ್ರಮವಿದೆ. ಇಬ್ಬರಿದ್ದರೆ ಒಬ್ಬ ಮೀಟರಿನ ಹತ್ತಿರ ಕಾವಲು ನಿಲ್ಲುತ್ತಾನೆ, ಯಾರೂ ಬಂದು ಕರೆಂಟು ಹಾಕದ ಹಾಗೆ. ಒಬ್ಬನೇ ಇರುವವನಿಗೆ ಕಾವಲು ಯಾರು? ಅದಕ್ಕೆ ಬಷೀರಣ್ಣ ಆ ಮನೆಯ ಫ್ಯೂಸನ್ನೇ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಬಾವಿಯ ಹತ್ತಿರ ಹೋಗುತ್ತಿದ್ದರು. ಜೇಬು ಮುಟ್ಟಿ ನೋಡಿಕೊಂಡರೆ ಸಾಕು, ಧೈರ್ಯ.

ಈಗೀಗ ಅವರಿಗೆ ಮರೆಯುತ್ತಿತ್ತು. ಹುಲೇಕಲ್ಲಿನ ಒಂದು ಮನೆಯಲ್ಲಿ ಪಂಪು ಜೋಡಿಸಿ, ಓಡಿಸಿಯೂ ನೋಡದೆ, ಫ್ಯೂಸನ್ನು ಜೇಬಿನಲ್ಲಿಟ್ಟುಕೊಂಡೇ ಸಿರಸಿಗೆ ಬಂದುಬಿಟ್ಟಿದ್ದರು. ಆ ಮನೆಯ ಹೆಂಗಸು ಫೋನು ಮಾಡಿ, ಮನೆಯೆಲ್ಲ ಕತ್ತಲೆ, ಬೋರ್ಡಿನಲ್ಲಿ ಫ್ಯೂಸೇ ಇಲ್ಲೆ ಎಂದಾಗಲೇ ಗೊತ್ತಾದದ್ದು. ಬೆಳಿಗ್ಗೆ ತರುತ್ತೇನೆ ಎಂದರು, ಅದೂ ಮರೆಯಿತು. ಅದೇ ಅಂಗಿಯಲ್ಲಿ ಮಾರನೇ ದಿನ ಇನ್ನೊಂದು ಮನೆಗೆ ಹೋದರು. ಬಾವಿಯ ಹತ್ತಿರ ಕೂತು ಜೇಬು ಮುಟ್ಟಿದರು. ಫ್ಯೂಸಿತ್ತು. ಈ ಮನೆಯದನ್ನು ಕಿತ್ತಾಗಿದೆ ಎಂದುಕೊಂಡು ತಂತಿಗೆ ಕೈಹಾಕಿದರು. ಜೇಬಿನಲ್ಲಿದ್ದದ್ದು ಹುಲೇಕಲ್ಲಿನದು.

"ಎತ್ತಿ ಒಗೀತು ಅಕ್ಕಾ. ಬಾವಿ ಕಟ್ಟೆಗೆ ಹೋಗಿ ಬಡಿದೆ. ಕಟ್ಟೆ ಇಲ್ಲದಿದ್ರೆ ಒಳಗೇ."

ಎಡಗೈ ಬೆರಳಿನ ಸುಟ್ಟ ಗುರುತು ತೋರಿಸಿದರು. ಮುಟ್ಟುವ ಮೊದಲು ಟೆಸ್ಟರ್ ಇಟ್ಟು ನೋಡುವುದಲ್ಲವೇ ಎಂದೆ. ಫ್ಯೂಸು ಜೇಬಿನಲ್ಲಿತ್ತಲ್ಲ ಎಂದರು.

ಆಗ ಬಂತು ನೋಡಿ ನನಗೆ ಸಿಟ್ಟು. ಅಲ್ಲಿಯವರೆಗೆ ಅವರಿಗಾಗಿ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಒಟ್ಟಿಗೆ ಬಂತು. ನಿಮಗೆ ಬೇಕಾದದ್ದು ಆ್ಯಪಲ್ಲ, ಡಾಕ್ಟರು; ನಾಳೆಯಿಂದ ಕೆಲಸ ನಿಲ್ಲಿಸಿ, ಇವತ್ತೇ ಮನೆಯಲ್ಲಿ ಹೇಳಿ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಎದ್ದು ನಿಂತರು. ಆಮೇಲೆ ಕೈ ಮುಗಿದರು. ಹೆಂಡತಿಗೆ ಮಾತ್ರ ಗೊತ್ತಾಗುವುದು ಬೇಡ, ಬಷೀರನ ತಲೆಯಲ್ಲಿ ಏನೂ ನಿಲ್ಲುವುದಿಲ್ಲ ಎಂಬ ಮಾತು ಹೊರಗೆ ಬಿದ್ದರೆ ಯಾರೂ ಬಾವಿಗೆ ಕರೆಯುವುದಿಲ್ಲ, ಈ ಕೆಲಸ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ ಎಂದರು. ಅಷ್ಟು ವಯಸ್ಸಾದವರು ನನ್ನ ಮುಂದೆ ಕೈ ಮುಗಿದು ನಿಂತದ್ದನ್ನು ನೋಡಲಾಗಲಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಮೂರನೆಯ ಆ್ಯಪಿನಲ್ಲೇ, ಒಂದನ್ನು ಒತ್ತಿದ ಮೇಲೆಯೇ ಮುಂದಿನದು ಬರುವ ಹಾಗೆ, ಮೆಟ್ಟಿಲು ಮೆಟ್ಟಿಲಾಗಿ ನಾನೇ ಬರೆದುಕೊಟ್ಟೆ: ಹಳೇ ಫ್ಯೂಸು ಜೇಬಿನಲ್ಲಿದ್ದರೆ ಹೊರಗಿಡು, ಈ ಮನೆಯ ಫ್ಯೂಸು ಕೀಳು, ಟೆಸ್ಟರ್ ಇಡು, ಆಮೇಲೆ ಮುಟ್ಟು.

ಆ ದಿನದಿಂದ ನನಗೆ ನೆಮ್ಮದಿಯಿಲ್ಲ. ಓಣಿಯಲ್ಲಿ ಆಂಬುಲೆನ್ಸ್ ಸದ್ದು ಕೇಳಿದರೆ ಹೊರಗೆ ಓಡಿಬರುತ್ತಿದ್ದೆ. ಸಂಜೆ ಅವರ ಬೈಕು ಅಂಗಡಿ ಮುಂದೆ ಹಾದುಹೋಗುವವರೆಗೆ ಶಟರ್ ಎಳೆಯುತ್ತಿರಲಿಲ್ಲ. ನಮ್ಮ ಯಜಮಾನರು ರವೀಂದ್ರ, ಯಾರ ಹಾದಿ ಕಾಯುತ್ತೀ ಎಂದು ತಮಾಷೆ ಮಾಡಿದರೆ ಅವರ ಮೇಲೆ ಹರಿಹಾಯ್ದೆ. ಹೇಳಿದರೆ ಮಾತಿಗೆ ತಪ್ಪಿದವಳು, ಹೇಳದಿದ್ದರೆ ಒಂದು ದಿನ ಅವರ ಹೆಣ ನೋಡಬೇಕಾದವಳು. ಆದರೂ ಆ್ಯಪು ಕೆಲಸ ಮಾಡುತ್ತಿತ್ತು. ಬಷೀರಣ್ಣ ಆಗಾಗ ಬಂದು, ಇವತ್ತು ನಾಲ್ಕೂ ಮೆಟ್ಟಿಲು ಹತ್ತಿದೆ ಅಕ್ಕಾ ಎಂದು ಫೋನು ತೋರಿಸಿ ಚಹಾ ಕುಡಿದು ಹೋಗುತ್ತಿದ್ದರು. ಇನ್ನೇನು, ಹೀಗೇ ಸಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬಿಸಿಲು ಏರಿ ಬಾವಿಗಳ ನೀರು ಇಳಿಯತೊಡಗಿತು. ಪಂಪು ಕೆಳಗಿಳಿಸುವ ಕೆಲಸಕ್ಕೆ ಎಲ್ಲ ಕಡೆಯಿಂದ ಅವರಿಗೆ ಕರೆ. ಅಂಥ ಒಂದು ಬೆಳಿಗ್ಗೆ ಬಂದು, ಎಂದಿನಂತೆ ಗಿರಾಕಿ ಖಾಲಿಯಾಗುವವರೆಗೆ ಕಾದು, ಫೋನನ್ನು ಗಾಜಿನ ಮೇಲಿಟ್ಟರು.

"ಅಕ್ಕಾ, ಒಬ್ನೇ ಕೆಲಸ ಮಾಡೋನಿಗೆ ಆ್ಯಪ್ ಇರ್ತದಂತಲ್ಲ, ಅಂಥದ್ದೊಂದು ಹಾಕಿ ಕೊಡ್ತೀರಾ?"

ತಮಾಷೆ ಎಂದುಕೊಂಡು ಅವರ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಅಷ್ಟರಲ್ಲಿ ಗಾಜಿನ ಮೇಲಿದ್ದ ಫೋನೇ ಕೂಗಿತು: ತ್ಯಾಗಲಿ ಊರು, ಮೇಲಿನ ಬಾವಿ, ಈಗ ಹೊರಡು. ಬಷೀರಣ್ಣ ಮುಖ ಗಂಟಿಕ್ಕಿಕೊಂಡು, ಮೂರ್ನಾಲ್ಕು ದಿನದಿಂದ ಇದೇನೋ ಕಿರಿಕಿರಿ, ಯಾವುದೋ ಕಂಪನಿಯವರ ಜಾಹೀರಾತಿರಬೇಕು, ಮೊದಲು ಇದನ್ನು ತೆಗೆದುಹಾಕಿ ಎಂದರು.

ಅಂದರೆ ಮೂರ್ನಾಲ್ಕು ದಿನದಿಂದ ಆ ಮೆಟ್ಟಿಲುಗಳಿಲ್ಲದೆಯೇ ಕರೆಂಟಿಗೆ ಕೈಹಾಕಿದ್ದರು. ಅಯ್ಯೋ ಶಿವನೇ ಎಂದುಕೊಂಡೆ. ಹೊಸದು ಹಾಕುತ್ತೇನೆ, ಸ್ವಲ್ಪ ಹೊತ್ತಾಗುತ್ತದೆ ಎಂದು ಕೂರಿಸಿ, ಹಿಂದಿನ ಕೋಣೆಗೆ ಹೋಗಿ ಅವರ ಹೆಂಡತಿ ರಹಿಮತ್‌ಬಿ ಅಕ್ಕನಿಗೆ ಫೋನು ಮಾಡಿದೆ. ಮೊದಲಿನಿಂದ ಕೊನೆಯವರೆಗೆ ಒಂದನ್ನೂ ಬಿಡದೆ ಹೇಳಿದೆ. ಆ ಕಡೆಯಿಂದ, ಹಿಡಿದು ಕೂರಿಸಿಕೋ, ಬಂದೆ ಎಂದಷ್ಟೇ ಹೇಳಿದರು.

ಆಟೊದಿಂದ ಇಳಿದು ಬಂದವರು ನೇರ ಹೋಗಿ ಗಂಡನ ಪಕ್ಕದ ಸ್ಟೂಲಿನ ಮೇಲೆ ಕೂತರು. ಮನೆಯಲ್ಲಿ ಅವರ ಮಾತು ಉರ್ದು. ಅವತ್ತು ನನಗೂ ಕೇಳಿಸಲಿ ಅಂತಲೋ ಏನೋ, ಕನ್ನಡದಲ್ಲೇ ಹೇಳಿದರು.

"ರಂಜಾನಿಂದ ನೋಡ್ತಾ ಇದ್ದೇನೆ. ಮಸೀದಿಗೆ ಹೋಗಿ ಬರ್ತೀರಿ, ಅದೇ ನಮಾಜಿಗೆ ಮತ್ತೆ ಹೊರಡ್ತೀರಿ. ನಾ ಕೇಳ್ಲಿಲ್ಲ. ಕೇಳಿದ್ರೆ ಖರೇ ಆಗಿಬಿಡ್ತದೆ ಅಂತ ಹೆದರಿಕೆ ಆಗಿತ್ತು."

ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸುವ ತನಕ ಫ್ಯೂಸು ಮುಟ್ಟುವ ಹಾಗಿಲ್ಲ, ಆಮೇಲೆ ಎಲ್ಲಿಗೆ ಹೋಗುವುದಿದ್ದರೂ ಮೀಟರಿನ ಹತ್ತಿರ ತಾನು ನಿಲ್ಲುವುದು ಎಂದರು. ಕೈ ಚಾಚಿದರು. ಬಷೀರಣ್ಣ ಬೈಕಿನ ಕೀಲಿಯನ್ನು ಆ ಕೈಯಲ್ಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ಮಾತು ಕೊಟ್ಟು ಹೀಗೆ ಮಾಡಿದಿರಾ ಎಂದು ಕೇಳಿಯೇ ಕೇಳುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತೆ.

"ಅಕ್ಕಾ, ಇವಳಿಗೆ ನೀವೇ ಹೇಳಿದ್ರಾ?"

ಹೌದು ಎಂದೆ.

"ಚಲೋ ಮಾಡಿದ್ರಿ. ನಂಗೆ ಹೇಳ್ಲಿಕ್ಕೆ ಧೈರ್ಯ ಇಲ್ಲ, ಇವಳಿಗೊಂದು ಮಾತು ನೀವೇ ಹೇಳಿ ಅಂತ ನಿಮ್ಮತ್ರ ಕೇಳ್ಬೇಕು ಅಂತ್ಲೇ ಇದ್ದೆ. ಮರ್ತೇ ಹೋಗ್ತಿತ್ತು."