ನಾನು ಮುಚ್ಚಿಟ್ಟ ಎಚ್ಚರಿಕೆ

ಸರೋಜಮ್ಮನವರೇ, ಆ ಹಳ್ಳಿಯಲ್ಲಿ ಕಲ್ಲು ಬೀಳುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮನ್ನು ಒಬ್ಬರನ್ನೇ ಕಳುಹಿಸಿದೆ.

ಇಷ್ಟು ಬರೆಯಲು ಹತ್ತು ವರ್ಷ ಹಿಡಿಯಿತು. ಬರೆದ ಮೇಲೂ ಕೂತಲ್ಲಿ ಕೂರಲಾಗುತ್ತಿಲ್ಲ — ಎದ್ದು ಬಾಗಿಲವರೆಗೆ ಹೋಗುತ್ತೇನೆ, ಮತ್ತೆ ಬರುತ್ತೇನೆ.

ನಗರಗೆರೆ ಕಡೆ ವಾಂತಿಭೇದಿ ಹರಡಿದ್ದ ವರ್ಷ ಅದು. ನಮ್ಮ ಸೇವಾ ತಂಡಕ್ಕೆ ನಾನು ಮುಖ್ಯಸ್ಥ, ನೀವು ಚುಚ್ಚುಮದ್ದು ಕೊಡುವ ನರ್ಸ್. ಹಿಂದಿನ ಸಂಜೆ ಆ ಹಳ್ಳಿಯ ಮುದುಕನೊಬ್ಬ ನಮ್ಮ ಬಿಡಾರ ಹುಡುಕಿಕೊಂಡು ಬಂದಿದ್ದ. "ಸೂಜಿ ಹಾಕಿದ್ಮೇಲೇ ಮಗು ಸತ್ತಿದ್ದು ಅಂತ ಜನ ರೇಗವ್ರೆ. ನಾಳೆ ಬರಬ್ಯಾಡಿ ಸ್ವಾಮಿ, ಕಲ್ಲು ಬೀಳ್ತವೆ" ಅಂದ. ನಿಮಗೆ ಹೇಳಲಿಲ್ಲ. ಹೇಳಿದ್ದರೆ ಕೆಲಸ ನಿಲ್ಲುತ್ತಿತ್ತು, ಮೇಲಿನವರು ನನ್ನನ್ನು — ಇಲ್ಲ, ಅದೂ ಪೂರ್ತಿ ನಿಜವಲ್ಲ. ನನಗೆ ಹೆದರಿಕೆಯಾಗಿತ್ತು. ಬೆಳಿಗ್ಗೆ ನಿಮಗೆ ಅಂದೆ: "ನೀವು ಮುಂದೆ ನಡೀರಮ್ಮ, ನಾನು ಹಿಂದೇನೇ ಬರ್ತೀನಿ."

ಬರಲಿಲ್ಲ.

ಮಧ್ಯಾಹ್ನ ನಿಮ್ಮನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ತಂದರು. ಎಡಗಣ್ಣು ಹೋಗಿತ್ತು. ಆಸ್ಪತ್ರೆಯಲ್ಲಿ, ಹೊರಗೆ ನಾಲ್ಕು ಜನ ಗಟ್ಟಿಯಾಗಿ ಮಾತಾಡಿದರೂ ಸಾಕು, ನೀವು ಮಂಚದ ಕೆಳಗೆ ಸರಿದುಬಿಡುತ್ತಿದ್ದಿರಿ. ಕೆಲಸದಲ್ಲಿ ಪೆಟ್ಟಾದವರನ್ನು ಗುಣವಾಗುವ ತನಕ ನೋಡಿಕೊಳ್ಳಬೇಕೆಂಬುದು ತಂಡದ ನಿಯಮ; ಮುಖ್ಯಸ್ಥನ ಮಾತು ಮೀರಿ ಹೋದವರಿಗೆ ಅದು ಸಿಗುವುದಿಲ್ಲ. ನಡೆದದ್ದೇನೆಂದು ತಂಡ ನಡೆಸುವ ಸಮಿತಿಯವರು ಕೇಳಿದಾಗ ನಾನು ಬರೆದುಕೊಟ್ಟದ್ದು — "ಹೋಗಬೇಡಿ ಎಂದಿದ್ದೆ. ನನ್ನ ಮಾತು ಮೀರಿ ಹೋದರು." ಆ ಮಾತಿನಿಂದ ನಿಮ್ಮ ಚಿಕಿತ್ಸೆಯೂ ನಿಂತಿತು, ಕೆಲಸವೂ ಹೋಯಿತು.

ಹೋದ ತಿಂಗಳು ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿದಿರಿ. ನಾನು ಮುಖ ತಿರುಗಿಸುವ ಮೊದಲೇ ನೀವೇ ಬಂದು ಮಾತಾಡಿಸಿದಿರಿ. ಮುರುಗಮಲ್ಲದಲ್ಲಿ ತಮ್ಮನ ಮನೆಯಲ್ಲಿದ್ದೇನೆ ಅಂದಿರಿ. ಆಮೇಲೆ —

"ನೀವು ಬೇಡ ಅಂದಿದ್ರಂತೆ ಸಾರ್. ಎಷ್ಟು ಯೋಚಿಸಿದ್ರೂ ನಂಗೆ ಅದೊಂದು ನೆನಪಾಗಲ್ಲ. ತಲೆಗೂ ಪೆಟ್ಟು ಬಿದ್ದಿತ್ತಲ್ಲ... ನಿಮ್ಮಾತು ಕೇಳಿದ್ರೆ ಕಣ್ಣು ಉಳೀತಿತ್ತು. ನಂದೇ ತಪ್ಪು."

ನಾನು ತಲೆಯಾಡಿಸಿದೆ, ಸರೋಜಮ್ಮ. ಹೌದೆಂಬಂತೆ ತಲೆಯಾಡಿಸಿ ಬಸ್ಸು ಹತ್ತಿದೆ.

ನಿಮಗೆ ನೆನಪಾಗದಿರುವುದು ತಲೆಯ ಪೆಟ್ಟಿನಿಂದಲ್ಲ. ನಾನು ಹಾಗೆ ಹೇಳಿಯೇ ಇರಲಿಲ್ಲ.

ಸಮಿತಿಗೂ ಇದನ್ನೇ ಬರೆದು ಅಂಚೆಗೆ ಹಾಕಿದ್ದೇನೆ. ನಾಳೆ ಮುರುಗಮಲ್ಲಕ್ಕೆ ಬರುತ್ತೇನೆ. ಕಾಗದ ಕೊಟ್ಟು ಹೊರಟುಬಿಡುವುದಿಲ್ಲ. ನಿಮ್ಮೆದುರು ನಿಂತು ಓದುತ್ತೇನೆ. ಕ್ಷಮಿಸಿ ಎಂದು ಕೇಳಲು ನನಗೆ ಬಾಯಿಲ್ಲ. ತಪ್ಪು ನಿಮ್ಮದಲ್ಲ ಎಂಬುದನ್ನು ಮಾತ್ರ ನೀವು ನನ್ನ ಬಾಯಿಂದಲೇ ಕೇಳಬೇಕು.